ಗಿರ್ಮಿಟಿಗರು ಕಟ್ಟಿದ ತಂಡ, ದೇಶದ ತಂಡವಾದ ಬಗೆ

ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ 2022–23ರ ಋತುವಿನ ಇಂಡಿಯನ್ ಸೂಪರ್ ಲೀಗ್ ಪಂದ್ಯಗಳನ್ನು ನೋಡಿದವರಿಗೆ ರಾಯ್ ಕೃಷ್ಣ ಎಂಬ ಹೆಸರು ಅಪರಿಚಿತವಲ್ಲ. ಆ ವರ್ಷ ಬೆಂಗಳೂರು ಎಫ್‌ಸಿ ತಂಡದ ಮುನ್ನಡೆ ಸಾಲಿನಲ್ಲಿ ಆಡಿದ ಆತ, 2022ರ ಸೆಪ್ಟೆಂಬರ್‌ನಲ್ಲಿ ಮೊದಲ ಬಾರಿಗೆ ಡ್ಯುರಾಂಡ್ ಕಪ್ ಗೆದ್ದ ತಂಡದಲ್ಲಿದ್ದರು. 2023ರ ಮಾರ್ಚ್ 18ರಂದು ಗೋವಾದಲ್ಲಿ ನಡೆದ ಲೀಗ್ ಫೈನಲ್‌ನಲ್ಲಿ ಬೆಂಗಳೂರಿಗೆ 2–1ರ ಮುನ್ನಡೆ ತಂದುಕೊಟ್ಟ ಗೋಲು ಅವರದೇ. ಕೊನೆಗೆ ಎಟಿಕೆ ಮೋಹನ್ ಬಾಗಾನ್ ಪೆನಾಲ್ಟಿ ಒದೆತಗಳಲ್ಲಿ ಗೆದ್ದದ್ದು ಬೇರೆ ಮಾತು.

ಹೆಸರನ್ನಷ್ಟೇ ಕೇಳಿದವರು ಈತ ನಮ್ಮ ಮಾಲೂರಿನವನೋ ಮುಳಬಾಗಿಲಿನವನೋ ಇರಬೇಕೆಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಅವರ ಊರು ಇಲ್ಲಿಗೆ ಹನ್ನೊಂದು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ. ಪೆಸಿಫಿಕ್ ಸಾಗರದ ಫಿಜಿ ದೇಶದ ಲಂಬಾಸಾ ಎಂಬ ಸಕ್ಕರೆ ಪಟ್ಟಣದ ಬಳಿ 1987ರಲ್ಲಿ ಹುಟ್ಟಿದ ಆತ, ಆ ದೇಶದ ರಾಷ್ಟ್ರೀಯ ಫುಟ್‌ಬಾಲ್ ತಂಡದ ನಾಯಕರಾಗಿದ್ದವರು ಮತ್ತು ಅದರ ಇತಿಹಾಸದಲ್ಲೇ ಅತಿ ಹೆಚ್ಚು ಗೋಲು ಗಳಿಸಿದವರು. ಕೃಷ್ಣ ಎಂಬ ಹೆಸರು ಆ ದ್ವೀಪಕ್ಕೆ ಹೋದದ್ದು ಹೇಗೆ? ಆ ಹೆಸರಿನವನೊಬ್ಬ ಆ ದೇಶದ ತಂಡದ ನಾಯಕನಾದದ್ದು ಹೇಗೆ? ಮೊದಲ ಪ್ರಶ್ನೆಗೆ ಉತ್ತರ ಇತಿಹಾಸದ ಪುಸ್ತಕಗಳಲ್ಲಿ ಸುಲಭವಾಗಿ ಸಿಗುತ್ತದೆ. ಎರಡನೆಯದಕ್ಕೆ ಉತ್ತರ ಹುಡುಕಲು ಫಿಜಿಯ ಫುಟ್‌ಬಾಲ್ ಮೈದಾನಗಳಿಗೇ ಹೋಗಬೇಕು. ಆ ಉತ್ತರದಲ್ಲಿ ಕೋಲಾರದಂತಹ ಗಡಿ ಜಿಲ್ಲೆಯವರು ಗಮನಿಸಬೇಕಾದ ಸಂಗತಿಗಳಿವೆ.

ಮೊದಲು ದೇಶದ ಗಾತ್ರವನ್ನು ನೋಡೋಣ. ಮುನ್ನೂರಕ್ಕೂ ಹೆಚ್ಚು ದ್ವೀಪಗಳ ಫಿಜಿಯಲ್ಲಿ ಜನವಸತಿ ಇರುವುದು ಸುಮಾರು ಮೂರನೇ ಒಂದರಷ್ಟು ದ್ವೀಪಗಳಲ್ಲಿ ಮಾತ್ರ. 2017ರ ಜನಗಣತಿಯಂತೆ ಇಡೀ ದೇಶದ ಜನಸಂಖ್ಯೆ 8,84,887. ನಮ್ಮ ಕೋಲಾರ ಜಿಲ್ಲೆಯೊಂದರಲ್ಲೇ 2011ರಲ್ಲಿ 15 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅಂದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆ, ಕೆಜಿಎಫ್ ಸೇರಿದ ಒಂದು ಜಿಲ್ಲೆಯ ಅರ್ಧಕ್ಕಿಂತ ತುಸು ಹೆಚ್ಚು ಜನರಿರುವ ದೇಶವದು. ಇಷ್ಟು ಜನರ ನಡುವಿನಿಂದ ಆರಿಸಿದ ಹನ್ನೊಂದು ಮಂದಿ 2005ರ ಆಗಸ್ಟ್‌ನಲ್ಲಿ, ನೂರು ಕೋಟಿ ಮೀರಿದ ಜನರನ್ನು ಪ್ರತಿನಿಧಿಸಿ ಪ್ರವಾಸ ಬಂದಿದ್ದ ಭಾರತ ತಂಡವನ್ನು ಎರಡು ಪಂದ್ಯಗಳಲ್ಲಿ ಎರಡು ಬಾರಿಯೂ ಸೋಲಿಸಿದರು. ಲೌಟೋಕಾದಲ್ಲಿ 1–0, ಸುವಾದಲ್ಲಿ 2–1.

ಈ ಫಲಿತಾಂಶವನ್ನು ನಮ್ಮ ಪತ್ರಿಕೆಗಳ ಕ್ರೀಡಾ ಪುಟಗಳು ಚಿಕ್ಕ ಸುದ್ದಿಯಾಗಿ ಕಂಡು ಮರೆತವು. ಆದರೆ ಆ ಮೈದಾನಗಳ ಸುತ್ತ ಕುಳಿತಿದ್ದ ಪ್ರೇಕ್ಷಕರಲ್ಲಿ ಭಾರತದಿಂದ ಹೋದವರ ಮೊಮ್ಮಕ್ಕಳು, ಮರಿಮಕ್ಕಳು ಬಹಳ ಮಂದಿ ಇದ್ದರು. ಅವರ ಹಿರಿಯರು ಬಿಟ್ಟುಹೋದ ದೇಶದ ತಂಡ ಒಂದು ಕಡೆ, ಅವರ ಹಿರಿಯರೇ ಕಟ್ಟಿ ಬೆಳೆಸಿದ ತಂಡ ಇನ್ನೊಂದು ಕಡೆ.

ಭಾರತದಿಂದ ಕೂಲಿಗಳನ್ನು ಹೊತ್ತ ಮೊದಲ ಹಡಗು ‘ಲಿಯೊನಿಡಾಸ್’ ಫಿಜಿಯನ್ನು ಮುಟ್ಟಿದ್ದು 1879ರ ಮೇ 14ರಂದು. ಕಬ್ಬಿನ ತೋಟಗಳಲ್ಲಿ ಐದು ವರ್ಷ ದುಡಿಯುವ ಕರಾರಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಅವರನ್ನು ಒಯ್ಯಲಾಗುತ್ತಿತ್ತು. ‘ಅಗ್ರಿಮೆಂಟ್’ ಎಂಬ ಇಂಗ್ಲಿಷ್ ಪದ ಅವರ ನಾಲಗೆಯಲ್ಲಿ ‘ಗಿರ್ಮಿಟ್’ ಆಯಿತು, ಹೋದವರು ‘ಗಿರ್ಮಿಟಿಯ’ರಾದರು. ಹುಬ್ಬಳ್ಳಿ–ಧಾರವಾಡದ ಮಂಡಕ್ಕಿ ಗಿರ್ಮಿಟ್ಟನ್ನಷ್ಟೇ ಬಲ್ಲ ನಮಗೆ ಈ ಶಬ್ದದ ಹಿಂದಿರುವ ಕಹಿ ತಿಳಿಯುವುದು ಕಡಿಮೆ. 1916ರಲ್ಲಿ ಕೊನೆಯ ಹಡಗು ಹೋಗುವ ವೇಳೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಜನ ಹೀಗೆ ಸಮುದ್ರ ದಾಟಿದ್ದರು.

ಆರಂಭದಲ್ಲಿ ಹಡಗುಗಳೆಲ್ಲ ಹೊರಟದ್ದು ಕಲ್ಕತ್ತೆಯಿಂದ. 1903ರಿಂದ ಮದ್ರಾಸು ಬಂದರಿನಿಂದಲೂ ಹೊರಡತೊಡಗಿದವು. ಮದ್ರಾಸಿನ ಮೂಲಕ ಹೋದವರು ಸುಮಾರು ಹದಿನೈದು ಸಾವಿರ. ಅವರಲ್ಲಿ ದೊಡ್ಡ ಪಾಲು ಉತ್ತರ ಆರ್ಕಾಟ್ ಜಿಲ್ಲೆಯದು. 1911ರಲ್ಲಿ ಚಿತ್ತೂರು ಪ್ರತ್ಯೇಕ ಜಿಲ್ಲೆಯಾಗುವ ತನಕ ಉತ್ತರ ಆರ್ಕಾಟ್ ಎಂದರೆ ಮುಳಬಾಗಿಲು ತಾಲ್ಲೂಕಿನ ನಂಗಲಿ ದಾಟಿದ ಕೂಡಲೇ ಸಿಗುತ್ತಿದ್ದ ಸೀಮೆ. ಪಲಮನೇರು, ಚಿತ್ತೂರು, ವೆಲ್ಲೂರು ಎಲ್ಲವೂ ಅದಕ್ಕೇ ಸೇರಿದ್ದವು. ಮದುವೆ, ಸಂತೆ, ಜಾತ್ರೆ, ದನದ ವ್ಯಾಪಾರಗಳಿಗೆ ಮುಳಬಾಗಿಲು, ಶ್ರೀನಿವಾಸಪುರಗಳ ಜನ ಸಲೀಸಾಗಿ ಹೋಗಿಬರುತ್ತಿದ್ದ ನೆರೆಯದು. ಆಡುವ ತೆಲುಗೂ ಒಂದೇ, ಮಳೆ ಕೈಕೊಟ್ಟಾಗ ಒಣಗುವ ಕೆರೆಗಳ ಕಥೆಯೂ ಒಂದೇ.

ಅದೇ ದಶಕಗಳಲ್ಲಿ ಅದೇ ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಸೀಮೆಗಳ ಬಡವರು ಇನ್ನೊಂದು ದಿಕ್ಕಿಗೂ ಗುಳೆ ಹೊರಟಿದ್ದರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ ಕೋಲಾರದ ಚಿನ್ನದ ಗಣಿಗಳ ಆಡಳಿತ ವಹಿಸಿಕೊಂಡ ಮೇಲೆ ಸುರಂಗಕ್ಕಿಳಿಯಲು ಬೇಕಾದ ಆಳುಗಳು ಬಂದದ್ದು ಹೆಚ್ಚಾಗಿ ಆ ಕಡೆಯಿಂದಲೇ. ಒಂದೇ ಸೀಮೆಯಿಂದ ಹೊರಟವರಲ್ಲಿ ಕೆಲವರು ಪಶ್ಚಿಮಕ್ಕೆ ನಡೆದು ಭೂಮಿಯ ಆಳಕ್ಕಿಳಿದರು, ಕೆಲವರು ಪೂರ್ವಕ್ಕೆ ನಡೆದು ಹಡಗು ಹತ್ತಿದರು. ಎರಡು ಕಡೆಯೂ ಅವರಿಗೆ ಕಟ್ಟಿಕೊಟ್ಟ ವಸತಿಗೆ ಒಂದೇ ಹೆಸರು: ಕೂಲಿ ಲೈನು. ಕೆಜಿಎಫ್‌ಗೆ ಬಂದವರ ಕಥೆ ನಮಗೆ ಗೊತ್ತು. ಹಡಗು ಹತ್ತಿದವರ ಕಥೆಯನ್ನು ನಾವು ಕೇಳಲು ಹೋಗಲಿಲ್ಲ.

ಫಿಜಿಯ ತೋಟಗಳಲ್ಲಿ ಗಂಡಸಿಗೆ ದಿನಕ್ಕೆ ಒಂದು ಶಿಲ್ಲಿಂಗ್, ಹೆಂಗಸಿಗೆ ಒಂಬತ್ತು ಪೆನ್ಸ್ ಕೂಲಿ. ನೂರು ಗಂಡಸರಿಗೆ ನಲವತ್ತು ಹೆಂಗಸರಂತೆ ಲೆಕ್ಕ ಹಾಕಿ ಹಡಗು ತುಂಬಿಸುತ್ತಿದ್ದ ಕಾರಣ ಸಂಸಾರಗಳು ನೆಲೆಗೊಳ್ಳುವುದೇ ಕಷ್ಟವಾಗಿತ್ತು. ಆತ್ಮಹತ್ಯೆಗಳ ಪ್ರಮಾಣ ಬ್ರಿಟಿಷ್ ಅಧಿಕಾರಿಗಳಿಗೇ ದಿಗಿಲು ಹುಟ್ಟಿಸುವಷ್ಟಿತ್ತು. ಭಾರತದಲ್ಲಿ ರಾಷ್ಟ್ರೀಯ ನಾಯಕರು ಎಬ್ಬಿಸಿದ ಕೂಗಿನಿಂದಾಗಿ 1920ರ ಜನವರಿ 1ರಂದು ಉಳಿದ ಕರಾರುಗಳೆಲ್ಲ ರದ್ದಾದವು. ಬಹುಪಾಲು ಜನ ಅಲ್ಲೇ ಉಳಿದರು. ತುಂಡು ಗೇಣಿ ಭೂಮಿಯಲ್ಲಿ ಕಬ್ಬು ಬೆಳೆದು ಕಾರ್ಖಾನೆಗೆ ಮಾರುವ ರೈತರಾದರು. ಶೇ 80ಕ್ಕೂ ಹೆಚ್ಚು ಭೂಮಿ ಮೂಲನಿವಾಸಿ ಕುಲಗಳ ಸ್ವಾಮ್ಯದಲ್ಲಿದ್ದುದರಿಂದ ಭಾರತೀಯರ ಪಾಲಿಗೆ ನೆಲ ಎಂದೂ ಸ್ವಂತದ್ದಾಗಲಿಲ್ಲ.

ಬ್ರಿಟಿಷರು ಈ ಎರಡು ಸಮುದಾಯಗಳನ್ನು ಎಲ್ಲದರಲ್ಲೂ ದೂರವಿಟ್ಟರು. ವಾಸಸ್ಥಳ ಬೇರೆ, ಶಾಲೆ ಬೇರೆ, ಕಡೆಗೆ ಆಟವೂ ಬೇರೆ. ದೃಢಕಾಯರಾದ ಮೂಲನಿವಾಸಿಗಳು ರಗ್ಬಿ ಕಲಿತರು. ಭಾರತೀಯರು ಹಿಡಿದದ್ದು ಕಾಲ್ಚೆಂಡು. ಅದಕ್ಕೆ ಬೇಕಾದದ್ದು ಒಂದು ಚೆಂಡು ಮತ್ತು ಕಬ್ಬು ಕಟಾವಾದ ಬಯಲು. ಸಕ್ಕರೆ ಕಾರ್ಖಾನೆಯಿದ್ದ ಪಟ್ಟಣಗಳಲ್ಲಿ, ಶಾಲೆಗಳಲ್ಲಿ, ಧಾರ್ಮಿಕ ಹಾಗೂ ಭಾಷಿಕ ಸಂಘಗಳಲ್ಲಿ ತಂಡಗಳು ಹುಟ್ಟಿಕೊಂಡವು. ದಕ್ಷಿಣ ಭಾರತೀಯರಿಗಾಗಿ ಸಾಧು ಕುಪ್ಪುಸ್ವಾಮಿ ಅವರು 1926ರಲ್ಲಿ ಸ್ಥಾಪಿಸಿದ ‘ಸಂಗಂ’ ಶಾಲೆಗಳನ್ನು, ದೇವಾಲಯಗಳನ್ನು ಕಟ್ಟಿದ್ದಲ್ಲದೆ ಪ್ರತಿವರ್ಷ ಈಸ್ಟರ್ ರಜೆಯಲ್ಲಿ ನಡೆಸುವ ಸಮಾವೇಶದಲ್ಲಿ ಫುಟ್‌ಬಾಲ್ ಪಂದ್ಯಾವಳಿಗೆ ಮುಖ್ಯ ಸ್ಥಾನ ಕೊಟ್ಟಿತು. ಸಂಗಮದ ದೊಡ್ಡ ಸುಬ್ರಹ್ಮಣ್ಯ ದೇವಾಲಯ ಇರುವ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ‘ನಾಡಿ’ ಎಂದು ಬರೆದರೂ ಅಲ್ಲಿನವರು ಉಚ್ಚರಿಸುವುದು ‘ನಂದಿ’ ಎಂದೇ. ಕೋಲಾರ ಸೀಮೆಯವರಿಗೆ ಈ ಹೆಸರು ಕಿವಿಗೆ ಹಿತವಾಗಿ ಕೇಳಿಸೀತು.

1938ರಲ್ಲಿ ಈ ಚದುರಿದ ತಂಡಗಳೆಲ್ಲ ಒಂದು ಸಂಸ್ಥೆಯಡಿ ಬಂದವು. ಅದರ ಹೆಸರು ‘ಫಿಜಿ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್’. ಮೊದಲ ಅಧ್ಯಕ್ಷ ಮಾತ್ರ ಭಾರತೀಯರಲ್ಲ, ಫೇರ್‌ಬ್ರದರ್ ಎಂಬ ಯುರೋಪಿಯನ್. ಅದೇ ವರ್ಷ ಆ ಸಂಸ್ಥೆ ಅಂತರ ಜಿಲ್ಲಾ ಚಾಂಪಿಯನ್‌ಷಿಪ್ ಆರಂಭಿಸಿತು. ಫಿಜಿ ಫುಟ್‌ಬಾಲ್‌ನ ಗುಟ್ಟು ಇರುವುದು ಇಲ್ಲಿಯೇ.

ಈ ಪಂದ್ಯಾವಳಿಯಲ್ಲಿ ಕಂಪೆನಿಯ ತಂಡವಾಗಲಿ, ಸಿರಿವಂತನೊಬ್ಬನ ತಂಡವಾಗಲಿ ಇಲ್ಲ. ಆಡುವುದು ಜಿಲ್ಲೆಗಳು: ಬಾ, ಲೌಟೋಕಾ, ನಂದಿ, ರೇವಾ, ಸುವಾ, ಲಂಬಾಸಾ. ನಮ್ಮ ಲೆಕ್ಕದಲ್ಲಿ ಇವು ಜಿಲ್ಲೆಗಳಿಗಿಂತ ಒಂದೊಂದು ತಾಲ್ಲೂಕಿಗೆ, ಅದರ ಕೇಂದ್ರ ಪಟ್ಟಣಕ್ಕೆ ಹೆಚ್ಚು ಹತ್ತಿರ. ಪ್ರತಿ ಜಿಲ್ಲೆಗೂ ತನ್ನದೇ ಸಂಘ, ತನ್ನದೇ ಮೈದಾನ, ತನ್ನದೇ ಬಣ್ಣ. ವರ್ಷಕ್ಕೊಮ್ಮೆ, ಈಗ ಅಕ್ಟೋಬರ್‌ನ ರಾಷ್ಟ್ರೀಯ ದಿನದ ಆಸುಪಾಸಿನಲ್ಲಿ, ಎಲ್ಲ ಜಿಲ್ಲೆಗಳೂ ಒಂದೇ ಊರಿನಲ್ಲಿ ಸೇರಿ ಕೆಲವು ದಿನ ಆಡುತ್ತವೆ. ಅಂಗಡಿಕಾರರು, ಬಸ್ಸಿನ ಮಾಲೀಕರು, ಕಬ್ಬು ಬೆಳೆಗಾರರು ತಮ್ಮ ಊರಿನ ತಂಡದ ಹಿಂದೆ ಹೊರಡುತ್ತಾರೆ. ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಿಗೆ ವಲಸೆ ಹೋದವರೂ ಅದಕ್ಕಾಗಿ ಮರಳಿ ಬರುತ್ತಾರೆ. ನಮ್ಮಲ್ಲಿ ಊರ ಜಾತ್ರೆಗೆ ಬೆಂಗಳೂರಿನಿಂದ ಜನ ಹಿಂದಿರುಗುವಂತೆ.

ಬಾ ಪಟ್ಟಣದ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಸಕ್ಕರೆ ಕಾರ್ಖಾನೆಯ ಸುತ್ತ ಬೆಳೆದ ಈ ಪಟ್ಟಣದ ಕಪ್ಪಂಗಿಯ ತಂಡ ಅಂತರ ಜಿಲ್ಲಾ ಪ್ರಶಸ್ತಿಯನ್ನು ಉಳಿದೆಲ್ಲರಿಗಿಂತ ಹೆಚ್ಚು ಬಾರಿ ಗೆದ್ದಿದೆ. 2007ರಲ್ಲಿ ಓಷಿಯಾನಿಯಾ ಖಂಡದ ಕ್ಲಬ್‌ಗಳ ಲೀಗ್‌ನಲ್ಲಿ ಫೈನಲ್ ತಲುಪಿ, ತನ್ನ ಊರಿನಲ್ಲಿ ನ್ಯೂಜಿಲೆಂಡಿನ ವೈಟಾಕೆರೆ ಯುನೈಟೆಡ್ ತಂಡವನ್ನು 2–1ರಿಂದ ಸೋಲಿಸಿತು. ಎದುರಾಳಿಯ ಊರಿನಲ್ಲಿ 0–1ರಿಂದ ಸೋತು, ಪರಸ್ಥಳದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಪ್ರಶಸ್ತಿ ಕಳೆದುಕೊಂಡಿತು. ಜನಸಂಖ್ಯೆಯಲ್ಲಿ ನಮ್ಮ ಶ್ರೀನಿವಾಸಪುರಕ್ಕಿಂತ ದೊಡ್ಡದಲ್ಲದ ಒಂದು ಪಟ್ಟಣ ಖಂಡದ ಪ್ರಶಸ್ತಿಯ ಅಂಚಿಗೆ ಹೋಗಿ ಬಂದದ್ದು ಸಣ್ಣ ಸಂಗತಿಯೇನಲ್ಲ.

ಆದರೆ 1938ರ ಸಂಸ್ಥೆಯ ಹೆಸರಿನಲ್ಲಿ ‘ಇಂಡಿಯನ್’ ಎಂಬ ಒಂದು ಪದವಿತ್ತು. ಆಟ ಭಾರತೀಯರದು, ಸಂಘ ಭಾರತೀಯರದು, ಕಪ್ಪು ಭಾರತೀಯರದು. ಗೇಣಿ ನೆಲದ ಮೇಲೆ ಬದುಕುತ್ತಿದ್ದ, ಆಡಳಿತದಲ್ಲಿ ಎರಡನೆಯ ದರ್ಜೆಯವರಾಗಿದ್ದ ಜನಕ್ಕೆ ತಮ್ಮದೆಂದು ಹೇಳಿಕೊಳ್ಳಲು ಇದ್ದ ಕೆಲವೇ ಆಸ್ತಿಗಳಲ್ಲಿ ಅದೂ ಒಂದು. ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ 1961ರಲ್ಲಿ ಅವರು ತಮ್ಮ ಸಂಸ್ಥೆಯ ಹೆಸರಿನಿಂದ ‘ಇಂಡಿಯನ್’ ಎಂಬ ಪದವನ್ನು ತೆಗೆದುಹಾಕಿದರು. ಅದು ಫಿಜಿ ಫುಟ್‌ಬಾಲ್ ಅಸೋಸಿಯೇಷನ್ ಆಯಿತು. ಎಲ್ಲ ಜನಾಂಗದವರಿಗೂ ಬಾಗಿಲು ತೆರೆಯಿತು. ದೇಶ ಸ್ವತಂತ್ರವಾದದ್ದು ಅದಾಗಿ ಒಂಬತ್ತು ವರ್ಷಗಳ ಬಳಿಕ, 1970ರ ಅಕ್ಟೋಬರ್ 10ರಂದು. ಸ್ವತಂತ್ರ ದೇಶ ಹುಟ್ಟುವ ಮೊದಲೇ ಆ ದೇಶಕ್ಕೊಂದು ತಂಡ ಸಿದ್ಧವಾಗಿತ್ತು ಎಂದರೆ ಅತಿಶಯೋಕ್ತಿಯಾಗದು.

ಬಾಗಿಲು ತೆರೆದುದರ ಫಲ ಬೇಗ ಕಂಡಿತು. ಜಿಲ್ಲಾ ತಂಡಗಳಲ್ಲಿ ಮೂಲನಿವಾಸಿ ಯುವಕರು ಹೆಚ್ಚತೊಡಗಿದರು. ಮುಂದೆ ರಾಷ್ಟ್ರೀಯ ತಂಡದಲ್ಲಿ ಅವರೇ ಬಹುಸಂಖ್ಯಾತರಾದರು. ಸಂಘದ ಆಡಳಿತ, ಹಣಕಾಸು, ಪ್ರೇಕ್ಷಕರ ಗ್ಯಾಲರಿಗಳಲ್ಲಿ ಭಾರತೀಯರ ಪ್ರಾಬಲ್ಯ ಉಳಿಯಿತು. ಇದನ್ನು ಆದರ್ಶದ ಸಾಮರಸ್ಯ ಎಂದು ಬಣ್ಣಿಸುವ ಅಗತ್ಯವಿಲ್ಲ. ಆಡುವವರು ಒಬ್ಬರು, ಆಡಿಸುವವರು ಇನ್ನೊಬ್ಬರು ಎಂಬ ಅಸಮಾಧಾನಕ್ಕೆ ಅದರಲ್ಲೇ ಎಡೆಯಿತ್ತು. ಆದರೂ ವಾರಕ್ಕೊಮ್ಮೆಯಾದರೂ ಎರಡೂ ಜನಾಂಗದವರು ಒಂದೇ ಊರಿನ ಹೆಸರು ಕೂಗಿ ಹುರಿದುಂಬಿಸುವ ಸ್ಥಳ ಆ ದೇಶದಲ್ಲಿ ಬೇರೆ ಹೆಚ್ಚೇನೂ ಇರಲಿಲ್ಲ.

ರಾಜಕೀಯ ಸಾಗಿದ್ದು ಬೇರೆಯೇ ದಾರಿಯಲ್ಲಿ. 1987ರ ಮೇ 14ರಂದು ಲೆಫ್ಟಿನೆಂಟ್ ಕರ್ನಲ್ ಸಿಟಿವೇನಿ ರಂಬುಕಾ ಸಂಸತ್ತಿಗೆ ನುಗ್ಗಿ, ಭಾರತೀಯರ ಬೆಂಬಲದಿಂದ ಆಗಷ್ಟೇ ಅಧಿಕಾರಕ್ಕೆ ಬಂದಿದ್ದ ಸರ್ಕಾರವನ್ನು ಕಿತ್ತೊಗೆದರು. ಲಿಯೊನಿಡಾಸ್ ಹಡಗು ಬಂದದ್ದೂ ಮೇ 14ರಂದೇ, ಸರಿಯಾಗಿ 108 ವರ್ಷಗಳ ಹಿಂದೆ. ಸೆಪ್ಟೆಂಬರ್‌ನಲ್ಲಿ ಇನ್ನೊಂದು ಕ್ಷಿಪ್ರಕ್ರಾಂತಿ. ಭಾನುವಾರ ಆಟವೂ ಸೇರಿದಂತೆ ಸಾರ್ವಜನಿಕ ಚಟುವಟಿಕೆಗಳನ್ನೆಲ್ಲ ನಿಷೇಧಿಸುವ ಆಜ್ಞೆಯೂ ಹೊರಬಿತ್ತು. ಅಲ್ಲಿಯವರೆಗೆ ದೇಶದ ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟಿದ್ದ ಭಾರತೀಯ ಮೂಲದವರು ಗುಂಪುಗುಂಪಾಗಿ ದೇಶ ಬಿಡತೊಡಗಿದರು. ಗುಳೆ ಬಂದವರ ಮೊಮ್ಮಕ್ಕಳು ಮತ್ತೆ ಗುಳೆ ಹೊರಟರು.

ಅದಾದ ಮರುವರ್ಷ, 1988ರ ನವೆಂಬರ್ 26ರಂದು, ವಿಶ್ವಕಪ್ ಅರ್ಹತಾ ಸುತ್ತಿನ ಪಂದ್ಯಕ್ಕಾಗಿ ಆಸ್ಟ್ರೇಲಿಯ ತಂಡ ನಂದಿ ಪಟ್ಟಣಕ್ಕೆ ಬಂದಿತು. ಫಿಜಿಯ ತರಬೇತುದಾರರು ಭಾರತೀಯ ಮೂಲದ ಬಿಲ್ಲಿ ಸಿಂಗ್. ಗೋಲು ಹೊಡೆದವರು ಮೂಲನಿವಾಸಿ ಆಟಗಾರ ರವುವಾಮಾ ಮಡಿಗಿ. ಫಲಿತಾಂಶ: ಫಿಜಿ 1, ಆಸ್ಟ್ರೇಲಿಯ 0. ಒಂದು ವಾರದ ನಂತರ ಆಸ್ಟ್ರೇಲಿಯ ತನ್ನ ನೆಲದಲ್ಲಿ 5–1ರಿಂದ ಗೆದ್ದು ಸೇಡು ತೀರಿಸಿಕೊಂಡಿತು, ಫಿಜಿ ವಿಶ್ವಕಪ್ ಹಾದಿಯಿಂದ ಹೊರಬಿದ್ದಿತು. ಆದರೆ ನಂದಿಯ ಆ ಮಧ್ಯಾಹ್ನ, ಒಂದೂವರೆ ವರ್ಷದಿಂದ ಪರಸ್ಪರ ಸಂಶಯದಿಂದ ನೋಡುತ್ತಿದ್ದ ಎರಡು ಸಮುದಾಯಗಳಿಗೆ ಒಟ್ಟಾಗಿ ಸಂಭ್ರಮಿಸಲು ಒಂದು ಕಾರಣ ಸಿಕ್ಕಿತ್ತು.

ಹಾಗೆಂದು ಫುಟ್‌ಬಾಲ್ ಪಂದ್ಯವೊಂದು ಬಂದೂಕನ್ನು ತಡೆಯುತ್ತದೆ ಎಂದು ಭಾವಿಸುವುದು ಮುಗ್ಧತೆಯಾದೀತು. 2000ದ ಮೇ 19ರಂದು ಜಾರ್ಜ್ ಸ್ಪೈಟ್ ಎಂಬಾತ ಭಾರತೀಯ ಮೂಲದ ಮೊದಲ ಪ್ರಧಾನಿ ಮಹೇಂದ್ರ ಚೌಧರಿ ಅವರನ್ನು 56 ದಿನ ಒತ್ತೆಯಾಳಾಗಿರಿಸಿಕೊಂಡ. 2006ರಲ್ಲಿ ಸೇನೆ ಮತ್ತೊಮ್ಮೆ ಅಧಿಕಾರ ಹಿಡಿಯಿತು. 2007ರ ಜನಗಣತಿಯ ವೇಳೆಗೆ ಭಾರತೀಯ ಮೂಲದವರ ಪ್ರಮಾಣ ಶೇ 37ರಷ್ಟಕ್ಕೆ ಇಳಿದಿತ್ತು. ವಲಸೆ ಹೋದವರ ಜೊತೆ ಆಟಗಾರರೂ ಸಂಘಟಕರೂ ಹೋದರು.

ಆಟದ ಮಿತಿಗಳೂ ಸ್ಪಷ್ಟವಾಗಿಯೇ ಇವೆ. ಫಿಜಿಯ ಮನೆಮಾತಾದ ಆಟ ಇಂದಿಗೂ ರಗ್ಬಿಯೇ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ದೇಶಕ್ಕೆ ಮೊಟ್ಟಮೊದಲ ಪದಕ, ಅದೂ ಚಿನ್ನದ ಪದಕ, ತಂದುಕೊಟ್ಟದ್ದು ರಗ್ಬಿ ಸೆವೆನ್ಸ್ ತಂಡ. ಅದೇ ಒಲಿಂಪಿಕ್ಸ್‌ಗೆ ಫುಟ್‌ಬಾಲ್ ತಂಡವೂ ಮೊದಲ ಬಾರಿ ಅರ್ಹತೆ ಪಡೆದಿತ್ತು. ದಕ್ಷಿಣ ಕೊರಿಯ ಎದುರು 0–8, ಮೆಕ್ಸಿಕೊ ಎದುರು 1–5, ಜರ್ಮನಿ ಎದುರು 0–10. ಮೂರು ಪಂದ್ಯಗಳಲ್ಲಿ ಫಿಜಿ ಗಳಿಸಿದ ಏಕೈಕ ಗೋಲು ನಾಯಕ ರಾಯ್ ಕೃಷ್ಣ ಅವರದು. ಮೆಕ್ಸಿಕೊ ವಿರುದ್ಧದ ಆ ಗೋಲಿನಿಂದ ಫಿಜಿ ಸ್ವಲ್ಪ ಹೊತ್ತು ಮುನ್ನಡೆಯಲ್ಲಿತ್ತು. ಓಷಿಯಾನಿಯಾಕ್ಕೆ ಮೊದಲ ಬಾರಿಗೆ ನೇರ ಸ್ಥಾನವೊಂದು ಮೀಸಲಾಗಿದ್ದ 2026ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲೂ ಫಿಜಿ ಸೆಮಿಫೈನಲ್ ತಲುಪಿತಾದರೂ, 2025ರ ಮಾರ್ಚ್‌ನಲ್ಲಿ ವೆಲ್ಲಿಂಗ್ಟನ್‌ನಲ್ಲಿ ನ್ಯೂಜಿಲೆಂಡ್‌ಗೆ 0–7ರಿಂದ ಸೋತಿತು.

ಈ ಅಂಕಿಗಳನ್ನು ಮುಚ್ಚಿಡಬೇಕಿಲ್ಲ. ಅವುಗಳ ಪಕ್ಕದಲ್ಲಿ ಬೇರೆ ಅಂಕಿಗಳನ್ನೂ ಇಡಬೇಕು. 1991 ಮತ್ತು 2003ರ ದಕ್ಷಿಣ ಪೆಸಿಫಿಕ್ ಕ್ರೀಡಾಕೂಟಗಳ ಚಿನ್ನ ಫಿಜಿಯದು. 2008ರ ನವೆಂಬರ್‌ನಲ್ಲಿ ಲೌಟೋಕಾದಲ್ಲಿ ಫಿಜಿ 2–0ರಿಂದ ಸೋಲಿಸಿದ್ದು ನ್ಯೂಜಿಲೆಂಡನ್ನು. ಎರಡು ವರ್ಷಗಳ ಬಳಿಕ ದಕ್ಷಿಣ ಆಫ್ರಿಕಾದ ವಿಶ್ವಕಪ್‌ನಲ್ಲಿ ಒಂದು ಪಂದ್ಯವನ್ನೂ ಸೋಲದೆ ಮರಳಿದ ದೇಶ ಅದು. 2015ರ 20 ವರ್ಷದೊಳಗಿನವರ ವಿಶ್ವಕಪ್‌ಗೆ ಅರ್ಹತೆ ಪಡೆದ ಫಿಜಿಯ ಹುಡುಗರು ಹೊಂಡುರಾಸ್ ತಂಡವನ್ನು 3–0ರಿಂದ ಮಣಿಸಿದರು. ಭಾರತದ ಯಾವ ವಯೋಮಾನದ ಪುರುಷರ ತಂಡವೂ ಇದುವರೆಗೆ ಅರ್ಹತಾ ಪಂದ್ಯಗಳನ್ನು ಗೆದ್ದು ವಿಶ್ವಕಪ್ ಆಡಿಲ್ಲ. 2017ರಲ್ಲಿ 17 ವರ್ಷದೊಳಗಿನವರು ಆಡಿದ್ದು ಆತಿಥೇಯರಿಗೆ ಸಿಗುವ ಸ್ಥಾನದಿಂದ ಎಂಬುದನ್ನು ನೆನೆದರೆ ಹೋಲಿಕೆ ತಾನಾಗಿ ಅರ್ಥವಾಗುತ್ತದೆ.

ಇಷ್ಟಕ್ಕೂ ಈ ತಂಡದ ಮಹತ್ವ ಗೆಲುವು ಸೋಲುಗಳ ಪಟ್ಟಿಯಲ್ಲಷ್ಟೇ ಇಲ್ಲ. ಫಿಜಿಯಲ್ಲಿ ಬಹುಕಾಲ ‘ಫಿಜಿಯನ್’ ಎಂಬ ಪದ ಮೂಲನಿವಾಸಿಗಳಿಗೆ ಮಾತ್ರ ಸಲ್ಲುತ್ತಿತ್ತು. ನಾಲ್ಕು ತಲೆಮಾರು ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರೂ ಸರ್ಕಾರಿ ಕಡತಗಳಲ್ಲಿ ‘ಇಂಡಿಯನ್’ ಆಗಿಯೇ ಉಳಿದಿದ್ದರು. ಎಲ್ಲ ಪ್ರಜೆಗಳನ್ನೂ ಫಿಜಿಯನ್ನರೆಂದು ಕರೆದದ್ದು 2013ರ ಸಂವಿಧಾನ. ಫುಟ್‌ಬಾಲ್ ಸಂಸ್ಥೆ 1961ರಲ್ಲಿ ಮಾಡಿದ್ದನ್ನು ರಾಷ್ಟ್ರ ಮಾಡಲು ಇನ್ನೂ 52 ವರ್ಷ ಬೇಕಾಯಿತು. 2022ರ ಕೊನೆಯಲ್ಲಿ ಮತ್ತೆ ಪ್ರಧಾನಿಯಾದ ಅದೇ ರಂಬುಕಾ, 2023ರ ಮೇ 14ರಂದು ತಮ್ಮ ಕ್ಷಿಪ್ರಕ್ರಾಂತಿಗಾಗಿ ಭಾರತೀಯ ಮೂಲದವರ ಕ್ಷಮೆ ಕೋರಿದರು. ಅದೇ ವರ್ಷದಿಂದ ಗಿರ್ಮಿಟ್ ದಿನ ರಾಷ್ಟ್ರೀಯ ರಜೆಯಾಯಿತು.

ಇನ್ನು ನಮ್ಮ ಕಡೆಗೆ ಬರೋಣ. ಉತ್ತರ ಆರ್ಕಾಟಿನಿಂದ ಪಶ್ಚಿಮಕ್ಕೆ ಬಂದವರ ಕೆಜಿಎಫ್‌ನಲ್ಲಿ 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಅಂದಿನಿಂದ ಅಲ್ಲಿನ ಯುವಕರಿಗೆ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುವುದೇ ಬದುಕಾಗಿದೆ. ಮಾಲೂರಿನವರದೂ ಅದೇ ರೈಲು. ಕೋಲಾರ, ಮುಳಬಾಗಿಲಿನವರಿಗೆ ಹೆದ್ದಾರಿಯ ಬಸ್ಸು. ದುಡಿಮೆ ಬೆಂಗಳೂರಿನಲ್ಲಿ, ನಿದ್ದೆ ಊರಿನಲ್ಲಿ. ಇಂತಹ ಪಟ್ಟಣಗಳಲ್ಲಿ ಊರು ತನ್ನದೆಂಬ ಭಾವ ಮೆಲ್ಲಗೆ ಸವೆಯುತ್ತದೆ. ಹುಡುಗರ ಅಂಗಿಯ ಮೇಲೆ ಮ್ಯಾಂಚೆಸ್ಟರ್, ಬಾರ್ಸಿಲೋನಾಗಳ ಹೆಸರು ಕಾಣುತ್ತದೆ. ಶ್ರೀನಿವಾಸಪುರ ಎಂದು ಬರೆದ ಅಂಗಿ ಕಾಣುವುದು ಎಷ್ಟು ಕಡೆ?

ಕರ್ನಾಟಕದ ಫುಟ್‌ಬಾಲ್ ಇತಿಹಾಸ ಬಡವೇನಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಗಳಿಸಿದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. 1968–69ರ ನಂತರ ಬರಿಗೈಯಲ್ಲಿದ್ದ ರಾಜ್ಯ, 54 ವರ್ಷಗಳ ಬಳಿಕ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಆ ಟ್ರೋಫಿಯನ್ನು ಮರಳಿ ತಂದಿತು. ಆದರೆ ಈ ಇತಿಹಾಸವೆಲ್ಲ ಬಹುಮಟ್ಟಿಗೆ ಬೆಂಗಳೂರಿನ ಇತಿಹಾಸ, ಅದರಲ್ಲೂ ದಂಡು ಪ್ರದೇಶದ ಕೆಲವು ಬೀದಿಗಳ ಇತಿಹಾಸ. ಅರವತ್ತೆಂಟು ಕಿಲೋಮೀಟರ್ ದೂರದ ಕೋಲಾರ ಅದರಲ್ಲಿ ಪ್ರೇಕ್ಷಕ ಮಾತ್ರ. ಶಾಲಾ ಕ್ರೀಡಾಕೂಟಗಳಲ್ಲಿ ತಾಲ್ಲೂಕಿನ ಪರವಾಗಿ ಆಡಿದ ಹುಡುಗನಿಗೆ, ಹುಡುಗಿಗೆ, ಶಾಲೆ ಮುಗಿದ ಮೇಲೆ ತನ್ನ ಊರಿನ ಹೆಸರು ಹೊತ್ತು ವರ್ಷ ವರ್ಷವೂ ಆಡುವ ವೇದಿಕೆ ದೊರೆಯುವುದಿಲ್ಲ.

ಕುಡಿಯುವ ನೀರಿಗೆ ಪರದಾಡುವ ಜಿಲ್ಲೆಗೆ ಫುಟ್‌ಬಾಲ್‌ನ ಚಿಂತೆ ಏಕೆ ಎಂದು ಕೇಳುವವರಿದ್ದಾರೆ. ಅದು ನ್ಯಾಯವಾದ ಪ್ರಶ್ನೆಯೇ. ಆದರೆ 1938ರಲ್ಲಿ ಫಿಜಿಯ ಕಬ್ಬಿನ ಗದ್ದೆಗಳಲ್ಲಿದ್ದವರು ನಮಗಿಂತ ಸ್ಥಿತಿವಂತರಾಗಿರಲಿಲ್ಲ. ಅವರ ಬಳಿ ಭೂಮಿ ಇರಲಿಲ್ಲ, ಅಧಿಕಾರ ಇರಲಿಲ್ಲ, ಮರಳಿ ಹೋಗಲು ಊರೂ ಇರಲಿಲ್ಲ. ಇದ್ದದ್ದು ವರ್ಷಕ್ಕೊಮ್ಮೆ ಸೇರಿ ಆಡಲೇಬೇಕೆಂಬ ಹಟ. ಎರಡು ಪೀಳಿಗೆಗಳಲ್ಲಿ ಆ ಹಟವೇ ಒಂದು ರಾಷ್ಟ್ರೀಯ ತಂಡವಾಯಿತು.

ಜಿಲ್ಲೆಯ ಆರು ತಾಲ್ಲೂಕುಗಳಿಂದ ಆರು ತಂಡ. ವರ್ಷಕ್ಕೊಂದು ತಾಲ್ಲೂಕು ಕೇಂದ್ರದಲ್ಲಿ, ರಾಜ್ಯೋತ್ಸವದ ಆಸುಪಾಸಿನ ಮೂರು ನಾಲ್ಕು ದಿನ ಪಂದ್ಯಾವಳಿ. ಟೊಮೆಟೊ ಮಂಡಿಯ ವರ್ತಕರು, ಮಾವಿನ ಬೆಳೆಗಾರರು, ಹಾಲು ಉತ್ಪಾದಕರ ಸಂಘಗಳು, ಮಾಲೂರಿನ ಹೆಂಚಿನ ಕಾರ್ಖಾನೆಯವರು ಕೈಜೋಡಿಸಿದರೆ ಖರ್ಚು ದೊಡ್ಡದೇನಲ್ಲ. ಕೋಟಿಗಟ್ಟಲೆಯ ಕ್ರೀಡಾಂಗಣ ಬೇಕಿಲ್ಲ, ಕಾಲೇಜಿನ ಬಯಲು ಸಾಕು. ಬೇಕಾದದ್ದು ಒಂದು ವರ್ಷವೂ ತಪ್ಪಿಸದ ನಿಯಮ. ಮತ್ತು ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಕೇಳಿಬರುವ ಈ ಜಿಲ್ಲೆಯಲ್ಲಿ, ತಂಡದ ಹೆಸರಿನಲ್ಲಿ ಊರಿನ ಹೆಸರೊಂದನ್ನು ಬಿಟ್ಟು ಬೇರೆ ಯಾವ ಜಾತಿಯ, ಭಾಷೆಯ, ಪಕ್ಷದ ಪದವೂ ಇರಕೂಡದು. ಹಾಗೆ ಇದ್ದರೆ ಏನಾಗುತ್ತದೆ, ಅದನ್ನು ಕೈಬಿಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ನೆರೆಯ ಸೀಮೆಯಿಂದ ಹಡಗು ಹತ್ತಿ ಹೋದವರ ಮಕ್ಕಳು ಈಗಾಗಲೇ ತೋರಿಸಿಕೊಟ್ಟಿದ್ದಾರೆ.